ಶುಶ್ರೂಷಾ ಮಾಹಿತಿಯಿಂದ ಆರೈಕೆಯ ಸುಧಾರಣೆ: ದುಬಾರೆಯಂತಹ ಹಾಡಿಗಳಲ್ಲಿ ಗ್ರಾಮ ಪಂಚಾಯತಿಯ ಪಾತ್ರ

ನಂಜರಾಯಪಟ್ಟಣದ ಬಳಿ ಕಾವೇರಿ ನದಿಯ ದಡದಲ್ಲಿರುವ ದುಬಾರೆಯನ್ನು ನಾಡಿನ ಜನರು ಅರಣ್ಯ ಇಲಾಖೆಯ ಆನೆ ಶಿಬಿರದ ಹೆಸರಿನಿಂದ ಬಲ್ಲರು. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಕಾಲಿಟ್ಟು ಹೊಳೆ ದಾಟುವವರು ಮಳೆಗಾಲದಲ್ಲಿ ದೋಣಿಯನ್ನು ಕಾಯಬೇಕಾಗುತ್ತದೆ. ಪ್ರವಾಹ ಏರಿದರೆ ದೋಣಿಯೂ ನಿಲ್ಲುತ್ತದೆ. ಪ್ರವಾಸಿಗೆ ಇದು ಒಂದು ದಿನದ ನಿರಾಸೆ. ಮಾವುತರು, ಕಾವಾಡಿಗರು ಹಾಗೂ ಜೇನು ಕುರುಬ ಕುಟುಂಬಗಳಿಗೆ ಅದು ಆಸ್ಪತ್ರೆಗೂ ಮನೆಗೂ ನಡುವಿನ ಅಂತರ. ಕುಶಾಲನಗರದ ಆಸ್ಪತ್ರೆ ಇಲ್ಲಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ, ಜಿಲ್ಲಾ ಆಸ್ಪತ್ರೆ ಇರುವ ಮಡಿಕೇರಿ ಅಲ್ಲಿಂದ ಮತ್ತೆ ಸುಮಾರು 30 ಕಿ.ಮೀ.

ಇಂತಹ ನೆಲೆಯಲ್ಲಿ ರೋಗಿಯ ಆರೈಕೆಯ ಗುಣಮಟ್ಟವು ಕಟ್ಟಡ, ಔಷಧ ಮತ್ತು ವೈದ್ಯರ ಸಂಖ್ಯೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಹಾಡಿಗೆ ಬರುವ ಶುಶ್ರೂಷಕಿಯು ಕಂಡದ್ದು, ಅಳೆದದ್ದು, ಬರೆದದ್ದು ಮುಂದಿನ ಶುಶ್ರೂಷಕಿಗೆ ಮತ್ತು ವೈದ್ಯರಿಗೆ ಸಕಾಲದಲ್ಲಿ ತಲುಪುತ್ತದೆಯೇ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಈ ವಿಷಯವನ್ನು ಅಧ್ಯಯನ ಮಾಡುವ ಶಾಖೆಯೇ ಶುಶ್ರೂಷಾ ಮಾಹಿತಿ ವಿಜ್ಞಾನ, ಅಂದರೆ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್. ಇದು ಕಂಪ್ಯೂಟರ್ ಬಲ್ಲವರಿಗಷ್ಟೇ ಸೇರಿದ ವಿಷಯವೆಂದು ಸದಸ್ಯರು ಭಾವಿಸಬೇಕಾಗಿಲ್ಲ. ಇದರ ಸಫಲತೆಗೆ ಬೇಕಾದ ಹಲವು ಸಂಗತಿಗಳು ಗ್ರಾಮ ಪಂಚಾಯತಿಯ ಕೈಯಲ್ಲೇ ಇವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಶುಶ್ರೂಷಾ ಮಾಹಿತಿ ಎಂದರೇನು?

ಆನೆ ಶಿಬಿರದ ಮಾವುತನು ಬೆಳಗ್ಗೆ ಆನೆಯ ಬಳಿ ಬಂದೊಡನೆ ಅದು ಮೇವನ್ನು ಎಷ್ಟು ತಿಂದಿದೆ, ಲದ್ದಿ ಹೇಗಿದೆ, ಕಾಲೂರುವ ರೀತಿ ನಿನ್ನೆಯಂತೆಯೇ ಇದೆಯೇ ಎಂದು ನೋಡುತ್ತಾನೆ. ಆನೆಗೆ ಅಸ್ವಸ್ಥತೆ ಇದೆಯೆಂದು ಅವನಿಗೆ ತಿಳಿಯುವುದು ಇಂದಿನ ಸ್ಥಿತಿಯನ್ನು ನಿನ್ನೆಯ ಸ್ಥಿತಿಯೊಡನೆ ಹೋಲಿಸಿದಾಗ. ಶುಶ್ರೂಷಕಿಯ ಕೆಲಸವೂ ಇದೇ ರೀತಿಯದು. ರೋಗಿಯ ನಾಡಿ, ಉಸಿರು, ರಕ್ತದೊತ್ತಡ, ಜ್ವರ, ಪ್ರಜ್ಞೆ, ತೂಕ ಇವುಗಳಲ್ಲಿ ಆಗುವ ಬದಲಾವಣೆಯನ್ನು ಮೊದಲು ಕಾಣುವವಳು ಅವಳು. ಆದರೆ ಒಂದು ವ್ಯತ್ಯಾಸವಿದೆ. ಮಾವುತನು ವರ್ಷಗಟ್ಟಲೆ ಒಂದೇ ಆನೆಯ ಜೊತೆ ಇರುತ್ತಾನೆ. ಶುಶ್ರೂಷಕಿಯರು ಪಾಳಿಯಲ್ಲಿ ಬದಲಾಗುತ್ತಾರೆ, ವರ್ಗಾವಣೆಯಾಗುತ್ತಾರೆ. ರೋಗಿಯೂ ಉಪಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾನೆ. ನೆನಪಿನಲ್ಲಿ ಉಳಿದ ಸಂಗತಿ ಅಲ್ಲಿಗೆ ನಿಲ್ಲುತ್ತದೆ. ದಾಖಲೆಯಾದ ಸಂಗತಿ ರೋಗಿಯೊಡನೆ ಸಾಗುತ್ತದೆ.

ಈ ವಿಚಾರ ಹೊಸದಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಶುಶ್ರೂಷೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಅವರು, ಸೈನಿಕರಲ್ಲಿ ಬಹುಪಾಲು ಜನರು ಗಾಯಗಳಿಂದಲ್ಲ, ತಡೆಗಟ್ಟಬಹುದಾದ ಸೋಂಕು ರೋಗಗಳಿಂದ ಸಾಯುತ್ತಿದ್ದಾರೆಂಬುದನ್ನು 1858ರಲ್ಲಿ ಅಂಕಿಅಂಶಗಳ ಚಿತ್ರಗಳ ಮೂಲಕ ತೋರಿಸಿಕೊಟ್ಟರು. ಭಾರತದ ಸೈನಿಕ ಠಾಣೆಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ ಪಡೆದ ಉತ್ತರಗಳನ್ನು ಆಧರಿಸಿ, 1863ರ ನೈರ್ಮಲ್ಯ ಆಯೋಗದ ವರದಿಗೂ ಅವರು ದುಡಿದರು. ಭಾರತವನ್ನು ಒಮ್ಮೆಯೂ ಕಾಣದ ಒಬ್ಬ ಶುಶ್ರೂಷಕಿಯು ಇಲ್ಲಿನ ನೀರು, ಚರಂಡಿ ಮತ್ತು ಸಾವಿನ ನಡುವಿನ ಸಂಬಂಧವನ್ನು ದಾಖಲೆಗಳ ಮೂಲಕ ಗ್ರಹಿಸಿದರು. 1992ರಲ್ಲಿ ಅಮೆರಿಕದ ಶುಶ್ರೂಷಕರ ಸಂಘವು ಶುಶ್ರೂಷಾ ಮಾಹಿತಿ ವಿಜ್ಞಾನವನ್ನು ಪ್ರತ್ಯೇಕ ವಿಶೇಷ ಶಾಖೆಯೆಂದು ಮಾನ್ಯ ಮಾಡಿತು.

ಒಂದು ಅಳತೆಯಲ್ಲ, ಅಳತೆಗಳ ಸಾಲು

ದಾಖಲೆಯು ಜೀವ ಉಳಿಸುವುದು ಹೇಗೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಹಾಡಿಯೊಂದರ ಗರ್ಭಿಣಿಗೆ 14ನೇ ವಾರದಲ್ಲಿ ರಕ್ತದೊತ್ತಡ 106/68, 20ನೇ ವಾರದಲ್ಲಿ 114/74, 28ನೇ ವಾರದಲ್ಲಿ 126/82, 34ನೇ ವಾರದಲ್ಲಿ 136/88 ಇದೆ ಎಂದುಕೊಳ್ಳೋಣ. ಗರ್ಭಿಣಿಯ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಪಾಯದ ಸೂಚನೆಯೆಂದು ಪರಿಗಣಿಸಲಾಗುತ್ತದೆ. ಈ ನಾಲ್ಕು ಅಳತೆಗಳಲ್ಲಿ ಒಂದೂ ಆ ಮಿತಿಯನ್ನು ಮುಟ್ಟಿಲ್ಲ. ನಾಲ್ಕು ಭೇಟಿಗಳಲ್ಲಿ ನಾಲ್ವರು ಬೇರೆ ಬೇರೆ ಶುಶ್ರೂಷಕಿಯರು ತಮ್ಮ ಅಳತೆಯನ್ನು ಮಾತ್ರ ನೋಡಿದರೆ ಪ್ರತಿಯೊಬ್ಬರೂ ‘ಸಾಮಾನ್ಯ’ ಎಂದೇ ಬರೆಯುತ್ತಾರೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡುವವಳಿಗೆ ಒತ್ತಡ ಒಂದೇ ದಿಕ್ಕಿನಲ್ಲಿ ಏರುತ್ತಿರುವುದು ಕಾಣುತ್ತದೆ. ಇದು ರೋಗ ನಿರ್ಣಯವಲ್ಲ. ಆದರೆ ಮುಂದಿನ ತಿಂಗಳವರೆಗೆ ಕಾಯದೆ ಕೆಲವೇ ದಿನಗಳಲ್ಲಿ ಮರುಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮತ್ತು ವೈದ್ಯರ ಸಲಹೆ ಬೇಕೆಂಬ ಎಚ್ಚರಿಕೆ.

ಹಿಮೋಗ್ಲೋಬಿನ್ ವಿಷಯದಲ್ಲಿಯೂ ಹೀಗೆಯೇ. ಗರ್ಭಿಣಿಯಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟ ನಂತರವೂ ಪ್ರಮಾಣ 10.6ರಿಂದ 9.8ಕ್ಕೆ ಇಳಿದರೆ, ಮಾತ್ರೆ ಸೇವಿಸುತ್ತಿಲ್ಲವೇ ಅಥವಾ ಬೇರೆ ಕಾರಣವಿದೆಯೇ ಎಂದು ಕೇಳಲೇಬೇಕು. ಹಿಂದಿನ ಅಂಕಿ ಕೈಯಲ್ಲಿಲ್ಲದಿದ್ದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದೇ ದಾಖಲೆಯಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವೂ ಇರುತ್ತದೆ. ಮೇಲಿನ ಗರ್ಭಿಣಿಯ 34ನೇ ವಾರವು ಜೂನ್ ಮೊದಲ ವಾರದಲ್ಲಿ ಬಂದರೆ ಹೆರಿಗೆ ಜುಲೈ ಮಧ್ಯಭಾಗಕ್ಕೆ ಬೀಳುತ್ತದೆ. ಆ ಹೊತ್ತಿಗೆ ಕಾವೇರಿಯ ಸ್ಥಿತಿ ಹೇಗಿರುತ್ತದೆಂಬುದು ಕೊಡಗಿನವರಿಗೆ ತಿಳಿಯದ್ದೇನಲ್ಲ. ಮೇ ತಿಂಗಳಲ್ಲೇ ಪಟ್ಟಿಯನ್ನು ತೆಗೆದು ನೋಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯಾಚೆ ಮತ್ತು ಕಾಡಿನೊಳಗೆ ಯಾರ ಹೆರಿಗೆ ಇದೆ, ಯಾರನ್ನು ಮೊದಲೇ ಆಸ್ಪತ್ರೆಯ ಸಮೀಪಕ್ಕೆ ಕರೆತರಬೇಕು ಎಂಬುದು ಸ್ಪಷ್ಟವಾಗುತ್ತದೆ. ನಡುರಾತ್ರಿಯಲ್ಲಿ ದೋಣಿ ಹುಡುಕುವ ಪ್ರಸಂಗವನ್ನು ಎರಡು ತಿಂಗಳು ಮೊದಲೇ ತಪ್ಪಿಸುವ ಸಾಧನ ಈ ಪಟ್ಟಿ.

ಪ್ರಸ್ತುತ ಬಳಕೆಯಲ್ಲಿರುವ ವ್ಯವಸ್ಥೆಗಳು

ನಮ್ಮ ಗ್ರಾಮಗಳಲ್ಲಿ ಶುಶ್ರೂಷಾ ಮಾಹಿತಿಯನ್ನು ಮುಖ್ಯವಾಗಿ ನಿರ್ವಹಿಸುವವರು ಮೂವರು: ಹಿಂದೆ ಎಎನ್‌ಎಂ ಎಂದು ಕರೆಯಲಾಗುತ್ತಿದ್ದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ನಿಗದಿಯಾದ ಮಾನದಂಡ. ಬಯಲು ಪ್ರದೇಶದಲ್ಲಿ ಇದು 5,000.

ತಾಯಿ ಮತ್ತು ಮಗುವಿನ ಸೇವೆಗಳನ್ನು ತಾಯಿ ಕಾರ್ಡಿನಲ್ಲಿಯೂ ಆರ್‌ಸಿಎಚ್ ಪೋರ್ಟಲ್‌ನಲ್ಲಿಯೂ ದಾಖಲಿಸಲಾಗುತ್ತದೆ. ಇದಕ್ಕೆಂದು ರೂಪಿಸಿದ ಅನ್‌ಮೋಲ್ ತಂತ್ರಾಂಶವು ನೆಟ್‌ವರ್ಕ್ ಇಲ್ಲದ ಸ್ಥಳದಲ್ಲಿಯೂ ಮಾಹಿತಿಯನ್ನು ಉಳಿಸಿಕೊಂಡು, ಸಂಪರ್ಕ ದೊರೆತಾಗ ಕಳುಹಿಸುತ್ತದೆ. ಲಸಿಕೆಗೆ ಯು-ವಿನ್, ಕ್ಷಯರೋಗಕ್ಕೆ ನಿಕ್ಷಯ್, ರಕ್ತದೊತ್ತಡ ಮತ್ತು ಮಧುಮೇಹಕ್ಕೆ ಎನ್‌ಸಿಡಿ ಪೋರ್ಟಲ್, ಜ್ವರ-ಭೇದಿಯಂತಹ ರೋಗಗಳ ಕಣ್ಗಾವಲಿಗೆ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ ಇವೆ. ದೂರದ ವೈದ್ಯರ ಸಲಹೆಯನ್ನು ಆರೋಗ್ಯ ಮಂದಿರದಲ್ಲೇ ಪಡೆಯಲು ಇ-ಸಂಜೀವಿನಿ ಇದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ 14 ಅಂಕಿಗಳ ಆಭಾ ಸಂಖ್ಯೆಯನ್ನು ನೀಡಲಾಗುತ್ತಿದೆ. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆಯೊಡನೆ ಒಂದೆಡೆ ಜೋಡಿಸುವುದು ಇದರ ಉದ್ದೇಶ. ಆಭಾ ಪಡೆಯುವುದು ಐಚ್ಛಿಕ. ಅದು ಇಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಬುಡಕಟ್ಟು ಜನರಿಗೆ ಸಂಬಂಧಿಸಿದಂತೆ ಎರಡು ಕಾರ್ಯಕ್ರಮಗಳು ಗಮನಾರ್ಹ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲಾದವರು ಜೇನು ಕುರುಬರು ಮತ್ತು ಕೊರಗರು. ಇಂತಹ ಸಮುದಾಯಗಳಿಗಾಗಿ 2023ರ ನವೆಂಬರ್ 15ರಂದು ಪಿಎಂ-ಜನ್‌ಮನ್ ಆರಂಭವಾಯಿತು. ಸಂಚಾರಿ ವೈದ್ಯಕೀಯ ಘಟಕ ಮತ್ತು ಮೊಬೈಲ್ ಸಂಪರ್ಕ ಎರಡೂ ಅದರ ವ್ಯಾಪ್ತಿಯಲ್ಲಿವೆ. ಅದೇ ವರ್ಷ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನವು 2047ರ ವೇಳೆಗೆ ಈ ರೋಗವನ್ನು ತೊಡೆಯುವ ಗುರಿ ಹೊಂದಿದ್ದು, 40 ವರ್ಷದವರೆಗಿನವರ ತಪಾಸಣೆ ನಡೆಸುತ್ತದೆ.

ಸಿಕಲ್ ಸೆಲ್ ಎಂದೂ ಕರೆಯುವ ಈ ರೋಗದಲ್ಲಿ ದಾಖಲೆಯ ಮಹತ್ವ ಅತ್ಯಧಿಕ. ತಂದೆ ತಾಯಿ ಇಬ್ಬರೂ ಕೇವಲ ವಾಹಕರಾಗಿದ್ದರೆ ಅವರು ಆರೋಗ್ಯವಂತರಾಗಿಯೇ ಕಾಣುತ್ತಾರೆ. ಆದರೆ ಪ್ರತಿ ಗರ್ಭಧಾರಣೆಯಲ್ಲಿ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರೋಗಿಗೆ ಚಳಿ, ನಿರ್ಜಲೀಕರಣ ಅಥವಾ ಸೋಂಕಿನಿಂದ ಇದ್ದಕ್ಕಿದ್ದಂತೆ ತೀವ್ರ ನೋವು ಬರಬಹುದು. ಮಳೆಯಲ್ಲಿ ನೆನೆದು ಕೆಲಸ ಮಾಡಿ ರಾತ್ರಿ ಆಸ್ಪತ್ರೆಗೆ ಬಂದ ಯುವಕನನ್ನು ಮೈಕೈ ನೋವಿನ ಮಾತ್ರೆ ಕೊಟ್ಟು ಹಿಂದಕ್ಕೆ ಕಳುಹಿಸಬೇಕೇ, ದಾಖಲಿಸಿಕೊಂಡು ಚಿಕಿತ್ಸೆ ನೀಡಬೇಕೇ ಎಂಬುದು ಪಾಳಿಯಲ್ಲಿರುವ ಶುಶ್ರೂಷಕಿಗೆ ಅವನ ತಪಾಸಣೆಯ ಫಲಿತಾಂಶ ತಿಳಿದಿದೆಯೇ ಎಂಬುದನ್ನು ಅವಲಂಬಿಸುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಮಾಹಿತಿ ವ್ಯವಸ್ಥೆಯ ದೊಡ್ಡ ದೋಷ ತಪ್ಪು ಅಂಕಿಯಲ್ಲ, ಬಿಟ್ಟುಹೋದ ವ್ಯಕ್ತಿ. ಒಂದು ಉಪಕೇಂದ್ರದ ಪಟ್ಟಿಯಲ್ಲಿ 40 ಮಕ್ಕಳಿದ್ದು 38 ಮಕ್ಕಳಿಗೆ ಲಸಿಕೆಯಾಗಿದ್ದರೆ ಸಾಧನೆ ಶೇ. 95. ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಆ ಪ್ರದೇಶದಲ್ಲಿ ವಾಸ್ತವವಾಗಿ 50 ಮಕ್ಕಳಿದ್ದು, 10 ಮಕ್ಕಳು ಪಟ್ಟಿಗೇ ಸೇರಿಲ್ಲವಾದರೆ ನಿಜವಾದ ಸಾಧನೆ ಶೇ. 76. ಲಸಿಕೆ ಸಿಗದ 12 ಮಕ್ಕಳಲ್ಲಿ 10 ಮಕ್ಕಳು ಯಾವ ವರದಿಯಲ್ಲೂ ಕಾಣುವುದಿಲ್ಲ.

ಕೊಡಗಿನಲ್ಲಿ ಹೀಗೆ ಬಿಟ್ಟುಹೋಗಲು ಕಾರಣಗಳಿವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಾಡಿಯ ಕುಟುಂಬಗಳು ತೋಟದ ಲೈನ್ ಮನೆಗಳಿಗೆ ಹೋಗುತ್ತವೆ. ಹೊರಜಿಲ್ಲೆ, ಹೊರರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಾರೆ. ಹಾಡಿಯ ಆಶಾ ಕಾರ್ಯಕರ್ತೆಯು ‘ಊರಲ್ಲಿಲ್ಲ’ ಎಂದು ಬರೆದರೆ, ತೋಟದ ವ್ಯಾಪ್ತಿಯ ಕಾರ್ಯಕರ್ತೆಯು ‘ನಮ್ಮವರಲ್ಲ’ ಎಂದು ಬಿಡುವ ಸಾಧ್ಯತೆ ಇದೆ. ಮತ್ತೊಂದು ಕಡೆ, ಒಂದೇ ಹೆಸರಿನ ಹಲವರು, ಮೂರು ಬಗೆಯಲ್ಲಿ ಬರೆದ ಒಂದೇ ಹೆಸರು, ಜನ್ಮದಿನ ತಿಳಿಯದವರಿಗೆಲ್ಲ ಜನವರಿ 1 ಎಂದು ನಮೂದಿಸುವ ವಾಡಿಕೆ ಇವುಗಳಿಂದ ಒಬ್ಬರ ಪರೀಕ್ಷಾ ಫಲಿತಾಂಶ ಇನ್ನೊಬ್ಬರ ಖಾತೆಗೆ ಸೇರುವ ಅಪಾಯವಿದೆ.

ಈ ದೋಷವನ್ನು ಸರಿಪಡಿಸಲು ಶುಶ್ರೂಷಕಿಗಿಂತ ಗ್ರಾಮ ಪಂಚಾಯತಿಗೆ ಹೆಚ್ಚಿನ ಅನುಕೂಲವಿದೆ. ಮನೆಗಳ ಪಟ್ಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ವಿವರ ಪಂಚಾಯತಿಯಲ್ಲಿವೆ. ಅಂಗನವಾಡಿಯ ದಾಖಲೆ ಸಮೀಪದಲ್ಲೇ ಇದೆ. ಯಾವ ಕುಟುಂಬ ಯಾವ ತೋಟಕ್ಕೆ ಹೋಗಿದೆ ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ಆರು ತಿಂಗಳಿಗೊಮ್ಮೆ ಈ ಪಟ್ಟಿಗಳನ್ನು ಶುಶ್ರೂಷಕಿಯ ಪಟ್ಟಿಯೊಡನೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಿಟ್ಟುಹೋದ ಮನೆಗಳು ತಾವಾಗಿಯೇ ಹೊರಬರುತ್ತವೆ.

ಆಸ್ಪತ್ರೆಯೊಳಗೆ: ಪಾಳಿ ಬದಲಾವಣೆ ಮತ್ತು ರವಾನೆ ಚೀಟಿ

ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿ ಹದಗೆಡುವುದನ್ನು ಬೇಗ ಗುರುತಿಸಲು ಅಂಕ ಪದ್ಧತಿಗಳಿವೆ. 2012ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಪದ್ಧತಿಯಲ್ಲಿ ಉಸಿರಾಟ, ರಕ್ತದ ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ, ದೇಹದ ಉಷ್ಣತೆ ಇವುಗಳಿಗೆ ಅಂಕ ಕೊಡಲಾಗುತ್ತದೆ. ಮೊತ್ತ ಹೆಚ್ಚಿದಂತೆ ವೈದ್ಯರನ್ನು ಕರೆಯುವ ತುರ್ತು ಹೆಚ್ಚುತ್ತದೆ. ಇದಕ್ಕೆ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಒಂದು ಹಾಳೆಯ ಮೇಲೂ ಇದು ನಡೆಯುತ್ತದೆ. ಹೆರಿಗೆ ಕೋಣೆಯಲ್ಲಿ ಬಳಸುವ ಪಾರ್ಟೋಗ್ರಾಫ್ ಎಂಬ ನಕ್ಷೆಯೂ ಇಂತಹುದೇ.

ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುವಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಚೀಟಿಯಲ್ಲಿರಬೇಕು: ಈಗ ಏನಾಗಿದೆ? ಹಿಂದಿನ ಆರೋಗ್ಯ ವಿವರವೇನು? ನಾವು ಏನನ್ನು ಕಂಡೆವು, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟೆವು? ನಿಮ್ಮಿಂದ ಏನು ಅಪೇಕ್ಷಿಸುತ್ತೇವೆ? ಅಮೆರಿಕದ ನೌಕಾದಳದಿಂದ ಬಂದು ಆಸ್ಪತ್ರೆಗಳಲ್ಲಿ ರೂಢಿಯಾದ ಕ್ರಮವಿದು. ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂದಷ್ಟೇ ಬರೆದ ಚೀಟಿಯೊಡನೆ ಬಂದ ರೋಗಿಗೆ ಅದೇ ಇಂಜೆಕ್ಷನ್ ಎರಡನೇ ಬಾರಿ ಬೀಳಬಹುದು, ಅಥವಾ ಬೇಕಾದ ಔಷಧ ಬೀಳದೆಯೇ ಹೋಗಬಹುದು.

ರವಾನೆಯಷ್ಟೇ ಮುಖ್ಯವಾದದ್ದು ಮರಳಿ ಬರುವ ಮಾಹಿತಿ. ಆಸ್ಪತ್ರೆಯಿಂದ ಬಿಡುಗಡೆಯಾದ ಬಾಣಂತಿಯ ವಿವರ ಅಂದೇ ಆಶಾ ಕಾರ್ಯಕರ್ತೆಗೆ ತಲುಪಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವಿಗೆ 3, 7, 14, 21, 28 ಮತ್ತು 42ನೇ ದಿನಗಳಂದು ಆರು ಗೃಹಭೇಟಿಗಳು ನಿಗದಿಯಾಗಿವೆ. ಸುದ್ದಿ ಹತ್ತನೇ ದಿನ ತಲುಪಿದರೆ ಅತ್ಯಂತ ಅಪಾಯದ ಮೊದಲ ವಾರವು ಯಾರೂ ನೋಡದೆ ಕಳೆದುಹೋಗಿರುತ್ತದೆ.

ಎಚ್ಚರ ವಹಿಸಬೇಕಾದ ಸಂಗತಿಗಳು

ಮೊದಲನೆಯದು, ಬರವಣಿಗೆಯ ಹೊರೆ. ಒಂದೇ ಮಾಹಿತಿಯನ್ನು ರಿಜಿಸ್ಟರಿನಲ್ಲಿ ಒಮ್ಮೆ, ಹಲವು ತಂತ್ರಾಂಶಗಳಲ್ಲಿ ಮತ್ತೆ ಮತ್ತೆ ತುಂಬುವ ಶುಶ್ರೂಷಕಿಗೆ ರೋಗಿಯ ಮುಖ ನೋಡಲು ಸಮಯ ಉಳಿಯುವುದಿಲ್ಲ. ಪಂಚಾಯತಿಯು ತನ್ನ ಅವಶ್ಯಕತೆಗೆಂದು ಮತ್ತೊಂದು ನಮೂನೆಯನ್ನು ಸೃಷ್ಟಿಸದೆ, ಇರುವ ವರದಿಗಳನ್ನೇ ಓದುವುದು ಸೂಕ್ತ.

ಎರಡನೆಯದು, ಅಂಕಿಗಳ ಭಯ. ರಕ್ತಹೀನತೆಯ ಸಂಖ್ಯೆ ಹೆಚ್ಚಿದೆ ಎಂದು ಸಭೆಯಲ್ಲಿ ಶುಶ್ರೂಷಕಿಯನ್ನು ನಿಂದಿಸಿದರೆ ಮುಂದಿನ ತಿಂಗಳು ಸಂಖ್ಯೆ ಇಳಿಯುತ್ತದೆ, ರಕ್ತಹೀನತೆ ಇಳಿಯುವುದಿಲ್ಲ. ಹೆಚ್ಚು ಪ್ರಕರಣಗಳನ್ನು ಪತ್ತೆ ಮಾಡಿದವಳು ಹೆಚ್ಚು ಕೆಲಸ ಮಾಡಿರುವ ಸಾಧ್ಯತೆಯೇ ಅಧಿಕ. ಎಲ್ಲವೂ ನೂರಕ್ಕೆ ನೂರು ಎಂದು ತೋರಿಸುವ ವರದಿಯನ್ನೇ ಸದಸ್ಯರು ಹೆಚ್ಚು ಜಾಗರೂಕತೆಯಿಂದ ಪರಿಶೀಲಿಸಬೇಕು.

ಮೂರನೆಯದು, ಗೋಪ್ಯತೆ. ಕ್ಷಯ, ಎಚ್‌ಐವಿ, ಸಿಕಲ್ ಸೆಲ್, ಮಾನಸಿಕ ಅಸ್ವಸ್ಥತೆ, ಗರ್ಭಪಾತ ಇಂತಹ ವಿವರಗಳನ್ನು ಹೆಸರಿನೊಡನೆ ಗ್ರಾಮಸಭೆಯಲ್ಲಿ ಓದುವುದಾಗಲಿ, ವಾಟ್ಸ್‌ಆಪ್ ಗುಂಪಿಗೆ ಹಾಕುವುದಾಗಲಿ ಸಲ್ಲದು. ಎಚ್‌ಐವಿ ಸೋಂಕಿತರ ವಿವರವನ್ನು ಬಹಿರಂಗಪಡಿಸುವುದನ್ನು 2017ರ ಕಾಯಿದೆ ನಿರ್ಬಂಧಿಸುತ್ತದೆ. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರ ಅಧಿನಿಯಮವಿದೆ. ಕಾನೂನಿಗಿಂತಲೂ ಮಿಗಿಲಾಗಿ ಇದು ನಂಬಿಕೆಯ ಪ್ರಶ್ನೆ. ವಾಹಕಳೆಂಬ ಮಾತು ಹೊರಬಿದ್ದು ಒಬ್ಬ ಯುವತಿಯ ಮದುವೆ ಮುರಿದರೆ, ಆ ಹಾಡಿಯಲ್ಲಿ ಮತ್ತೆ ಯಾರೂ ರಕ್ತಪರೀಕ್ಷೆಗೆ ಕೈ ಚಾಚುವುದಿಲ್ಲ. ಪಂಚಾಯತಿಗೆ ಬೇಕಾದದ್ದು ಸಂಖ್ಯೆ. ಹೆಸರು ಬೇಕಾದದ್ದು ಚಿಕಿತ್ಸೆ ನೀಡುವವರಿಗೆ ಮಾತ್ರ.

ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

ಸಾರ್ವಜನಿಕ ಆರೋಗ್ಯವು ಪಂಚಾಯತಿಯ ಸೌಕರ್ಯ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿಯೂ ಸದಸ್ಯರಿಗೆ ಸ್ಥಾನವಿದೆ. ಈ ವೇದಿಕೆಗಳಲ್ಲಿ ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದು.

1. ಪ್ರತಿ ವರ್ಷ ಮೇ ತಿಂಗಳ ಸಭೆಯಲ್ಲಿ ಮಳೆಗಾಲದ ಹೆರಿಗೆಗಳು ಎಷ್ಟು, ಅವುಗಳಲ್ಲಿ ಹೊಳೆ ಅಥವಾ ಕಾಡು ದಾಟಿ ಬರಬೇಕಾದವು ಎಷ್ಟು ಎಂದು ಕೇಳಿ, ವಾಹನ, ದೋಣಿ ಮತ್ತು ಹೆರಿಗೆ ಪೂರ್ವ ವಾಸದ ವ್ಯವಸ್ಥೆಯನ್ನು ಅರಣ್ಯ ಹಾಗೂ ಆರೋಗ್ಯ ಇಲಾಖೆಗಳೊಡನೆ ಮೊದಲೇ ನಿಗದಿಪಡಿಸುವುದು.

2. ಉಪಕೇಂದ್ರ ಅಥವಾ ಆರೋಗ್ಯ ಮಂದಿರಕ್ಕೆ ವಿದ್ಯುತ್, ಸೌರಶಕ್ತಿಯ ಪರ್ಯಾಯ ಮತ್ತು ಅಂತರ್ಜಾಲ ಸಂಪರ್ಕ ಇದೆಯೇ ಎಂದು ಪರಿಶೀಲಿಸುವುದು. ಮಳೆಗೆ ವಾರಗಟ್ಟಲೆ ವಿದ್ಯುತ್ ಹೋಗುವ ಕಡೆ ಪಂಚಾಯತಿ ಕಚೇರಿಯ ಸಂಪರ್ಕವನ್ನು ಶುಶ್ರೂಷಕಿಗೆ ಬಳಸಲು ಅವಕಾಶ ನೀಡುವುದು.

3. ರಕ್ತದೊತ್ತಡ ಮಾಪಕ, ತೂಕದ ಯಂತ್ರ, ಹಿಮೋಗ್ಲೋಬಿನ್ ಪರೀಕ್ಷಾ ಸಾಧನ ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ಕೇಳುವುದು. ಕೆಟ್ಟ ಮಾಪಕದ ಅಂಕಿಯನ್ನು ಎಷ್ಟು ಉತ್ತಮ ತಂತ್ರಾಂಶಕ್ಕೆ ತುಂಬಿದರೂ ಅದು ತಪ್ಪೇ.

4. ಆರು ತಿಂಗಳಿಗೊಮ್ಮೆ ಪಟ್ಟಿಗಳ ಹೋಲಿಕೆ ನಡೆಸುವುದು. ಕೊಯ್ಲು ಆರಂಭವಾಗುವ ಮೊದಲು ತೋಟಗಳ ಲೈನ್ ಮನೆಗಳನ್ನು ಪಟ್ಟಿಗೆ ಸೇರಿಸುವುದು.

5. ತಾಯಿ ಕಾರ್ಡನ್ನು ನೀರು ತಾಗದ ಲಕೋಟೆಯಲ್ಲಿ ಇಡಲು ಕುಟುಂಬಗಳಿಗೆ ತಿಳಿಸುವುದು. 2018ರ ಆಗಸ್ಟ್‌ನ ಭೂಕುಸಿತ ಮತ್ತು ಪ್ರವಾಹವನ್ನು ಕಂಡ ಜಿಲ್ಲೆಯಲ್ಲಿ ಕಾಗದದ ದಾಖಲೆಗೆ ಡಿಜಿಟಲ್ ಪ್ರತಿ, ಡಿಜಿಟಲ್ ದಾಖಲೆಗೆ ಕಾಗದದ ಪ್ರತಿ ಎರಡೂ ಇರುವುದು ಕ್ಷೇಮ.

6. ಹಾಡಿಯ ಭಾಷೆ ಬಲ್ಲ ಯುವಕ ಯುವತಿಯರನ್ನು ಆರೋಗ್ಯ ಶಿಬಿರಗಳಲ್ಲಿ ಜೊತೆಗಿರಿಸಿಕೊಂಡು ಹೆಸರು, ವಯಸ್ಸು, ಮನೆಯ ಗುರುತು ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳುವುದು. ಪರೀಕ್ಷೆ ಏಕೆಂಬುದನ್ನು ವಿವರಿಸಿ ಒಪ್ಪಿಗೆ ಪಡೆದ ನಂತರವೇ ಮುಂದುವರಿಯುವುದು.

7. ಪ್ರತಿ ಸಭೆಯಲ್ಲಿಯೂ ಒಂದು ಪ್ರಶ್ನೆ ಕೇಳುವುದು: ‘ಕಳೆದ ತಿಂಗಳ ಮಾಹಿತಿಯನ್ನು ನೋಡಿ ನಾವು ಏನನ್ನು ಬದಲಾಯಿಸಿದೆವು?’ ಏನೂ ಬದಲಾಗದಿದ್ದರೆ ಮಾಹಿತಿ ಸಂಗ್ರಹವಾಗಿದೆ, ಬಳಕೆಯಾಗಿಲ್ಲ ಎಂದೇ ಅರ್ಥ.

ಶುಶ್ರೂಷಕಿಯು ಹೊಳೆ ದಾಟಿ, ಕಾಡುದಾರಿ ನಡೆದು, ಆನೆಯ ಭಯದ ನಡುವೆ ಹಾಡಿಗೆ ಹೋಗಿ ಪಡೆದ ಒಂದೊಂದು ಅಂಕಿಯ ಹಿಂದೆಯೂ ಶ್ರಮವಿದೆ. ಆ ಅಂಕಿ ಯಾವುದೋ ಕಪಾಟಿನಲ್ಲಿಯೋ ಪರದೆಯ ಮೇಲೋ ಉಳಿದುಬಿಟ್ಟರೆ ಶ್ರಮ ವ್ಯರ್ಥ. ಅದು ಮುಂದಿನ ಶುಶ್ರೂಷಕಿಗೆ, ವೈದ್ಯರಿಗೆ, ಅಗತ್ಯವಿದ್ದಷ್ಟು ಪಂಚಾಯತಿಗೆ ತಲುಪಿ, ಗರ್ಭಿಣಿಯೊಬ್ಬಳು ಮಳೆಗೆ ಮೊದಲೇ ಹೊಳೆಯ ಈಚೆಗೆ ಬರುವಂತಾದರೆ ಆ ದಾಖಲೆಯು ತನ್ನ ಕೆಲಸ ಮಾಡಿದಂತೆ. ಮುಂಬರುವ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯನ್ನು ಆಹ್ವಾನಿಸಿ ಚರ್ಚಿಸುವಂತೆ ಎಲ್ಲ ಸದಸ್ಯರಲ್ಲಿ ಕೋರಲಾಗಿದೆ.